ಸೋದರಮಾವನ ತೊಡೆ ಹುಡುಕಿಕೊಂಡು

ಬಸ್ಸಿನ ಬ್ರೇಕು ಹೋಗಬಹುದಿತ್ತು. ಬ್ರೇಕು ಸರಿಯಿದ್ದು ಟಯರು ಸಿಡಿಯಬಹುದಿತ್ತು. ಎರಡೂ ಸರಿಯಿದ್ದು, ಹಿರಿಯೂರು ದಾಟಿದ ಮೇಲೆ ಒಂದು ಜಾಲಿಗಿಡದ ನೆರಳೂ ಇಲ್ಲದ ಕಡೆ ಬಸ್ಸು ಸುಮ್ಮನೆ ನಿಂತುಬಿಡಬಹುದಿತ್ತು. ಎರಡು ವರ್ಷ ಹತ್ತು ತಿಂಗಳ ಮಗ ಕಿಟಕಿಯ ಸರಳಿನ ನಡುವೆ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳಬಹುದಿತ್ತು. ಏಳು ತಿಂಗಳ ಮಗಳು ಬಿಸಿಲು ತಾಗಿ ಬಾಡಬಹುದಿತ್ತು, ಹಾಲು ಕಕ್ಕಬಹುದಿತ್ತು, ಕಕ್ಕಿದ್ದು ಪಕ್ಕದವರ ಹೊಸ ಸೀರೆಯ ಮೇಲೆ ಬೀಳಬಹುದಿತ್ತು. ಮಾರಿಕಣಿವೆಯಲ್ಲಿ ಇಳಿದ ಮೇಲೆ ನಾಲೆ ಇತ್ತು. ನಾಲೆ ಇದ್ದಲ್ಲಿ ಏನೇನಾಗಬಹುದು ಎಂದು ಬರೆಯಲೂ ನನಗೆ ಕೈ ಬರುವುದಿಲ್ಲ. ಕುರಿಮಂದೆ ಇದ್ದಲ್ಲಿ ನಾಯಿಗಳಿರುತ್ತವೆ, ಅವು ಕಚ್ಚಬಹುದಿತ್ತು. ಟಗರು ಗುಮ್ಮಬಹುದಿತ್ತು. ಕಲ್ಲಿನಡಿ ಚೇಳು ಇರಬಹುದಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಗಳು ಕುರಿಹಿಕ್ಕೆ ತಿನ್ನಬಹುದಿತ್ತು. ತೆಂಗಿನ ತೋಟ ಎಂದ ಮೇಲೆ ಮೇಲಿಂದ ಕಾಯಿ ಬೀಳಬಹುದಿತ್ತು. ಎಲ್ಲಕ್ಕಿಂತ ಕೊನೆಗೆ, ಕತ್ತರಿ ಇತ್ತು. ಕತ್ತರಿಯ ಪಕ್ಕದಲ್ಲೇ ಮಗನ ಕಿವಿ ಇತ್ತು.

ಇಷ್ಟನ್ನೂ, ಇನ್ನೂ ಕೆಲವನ್ನೂ ಹೊರಡುವ ಹಿಂದಿನ ದಿನವೇ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಒಂದು, ಎರಡು ಎಂದು ನಂಬರು ಹಾಕಿ ಬರೆದಿಟ್ಟಿದ್ದೆ. ಹತ್ತೊಂಬತ್ತು ಆಗಿದ್ದವು. ಹೆಂಡತಿ ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡೇ ಅದನ್ನು ಓದಿದಳು.

"ಒಂದು ಬಿಟ್ಟಿದ್ದೀರಿ ನೋಡ್ರಿ."

"ಯಾವುದು?" ಎಂದು ಗಾಬರಿಯಿಂದ ಪೆನ್ನು ತೆಗೆದೆ.

"ನಿಮ್ ಜೊತೆ ಹೋಗೋದು."

ನಗುವವರು ನಗಲಿ. ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ನಾನು. ಪ್ರಯೋಗಶಾಲೆಯಲ್ಲಿ ನಲವತ್ತು ಮಕ್ಕಳ ಕೈಗೆ ಆಸಿಡ್ ಕೊಟ್ಟು ಇಪ್ಪತ್ತು ವರ್ಷ ನಿಂತವನಿಗೆ, ಆಗಬಾರದ್ದನ್ನು ಮೊದಲೇ ನೆನೆಯುವುದು ಚಾಳಿಯಲ್ಲ, ಕಸುಬು. ಅದರ ಮೇಲೆ ಮದುವೆ ತಡ, ಮಕ್ಕಳು ಇನ್ನೂ ತಡ. ನಲವತ್ತಾರನೇ ವಯಸ್ಸಿನಲ್ಲಿ ಒಂದು ಕೈಯಲ್ಲಿ ಹಾಲಿನ ಬಾಟಲಿ, ಇನ್ನೊಂದು ಕೈಯಲ್ಲಿ ಬಿಪಿ ಮಾತ್ರೆ ಹಿಡಿದವನು ಹೆದರದೆ ಇನ್ನೇನು ಮಾಡಬೇಕು?

ಆದರೆ ಆ ಬೇಸಿಗೆ ನನಗೆ ಹೆದರಿಕೆಗಿಂತ ಹೆಚ್ಚಾಗಿ ಬಂದದ್ದು ಸಿಟ್ಟು. ಸಿಟ್ಟಿಗೆ ಕಾರಣ ಮಗನ ತಲೆ.

ಅವನು ಹುಟ್ಟಿದಾಗಿನಿಂದ ಆ ತಲೆಗೆ ಕತ್ತರಿ ತಾಗಿರಲಿಲ್ಲ. ಹುಟ್ಟುಗೂದಲು ಬೆಳೆದು ಬೆಳೆದು ಹೆಗಲು ದಾಟಿತ್ತು. ಅವ್ವ, ಎಂದರೆ ನಮ್ಮ ಜೊತೆಗೇ ಇರುವ ನನ್ನ ತಾಯಿ, ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆ ಸುರಿದು ಎರಡು ಜಡೆ ಹಾಕುತ್ತಿದ್ದಳು. ಏಪ್ರಿಲ್ ಬಂತು. ಬಂಡೆ ಕಾದು, ಗೋಡೆ ಕಾದು, ಕೊಡದ ನೀರೂ ಕಾಯತೊಡಗಿದ ಮೇಲೆ ಆ ಎಣ್ಣೆ ಜಡೆಗಳ ಕೆಳಗೆ ಮೊದಲು ಬೆವರುಸಾಲೆ ಎದ್ದಿತು, ಆಮೇಲೆ ಸೆಕೆಗುಳ್ಳೆ. ಕಿವಿಯ ಹಿಂದೆ ಮೂರು, ನೆತ್ತಿಯಲ್ಲಿ ನಾಲ್ಕು, ಉಳಿದವನ್ನು ಎಣಿಸಲು ಅವನು ಬಿಡುತ್ತಿರಲಿಲ್ಲ. ಮಗು ಕೆರೆಯುತ್ತಿತ್ತು. ಉಣ್ಣುವಾಗ ಕೆರೆಯುತ್ತಿತ್ತು, ಆಡುವಾಗ ಕೆರೆಯುತ್ತಿತ್ತು, ಮಧ್ಯಾಹ್ನ ಮಲಗಿಸಿದರೆ ಹತ್ತು ನಿಮಿಷಕ್ಕೆ ತಲೆ ಹಿಡಿದುಕೊಂಡು ಎದ್ದು ಅಳುತ್ತಿತ್ತು. ಅವನ ಅಳುವಿಗೆ ತಂಗಿ ಎದ್ದು ರಾಗ ತೆಗೆಯುತ್ತಿದ್ದಳು. ಇಬ್ಬರನ್ನೂ ತಟ್ಟಿ ತಟ್ಟಿ ಅವರಮ್ಮನ ಕಣ್ಣ ಕೆಳಗೆ ಕಪ್ಪು ಬಂದಿತ್ತು. ಒಂದು ತಿಂಗಳು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ನನಗೆ ಬೇಕಿದ್ದದ್ದು ಇಷ್ಟೇ: ಈ ಹುಡುಗ ತಲೆಗೆ ಕೈ ಹಾಕದೆ ಒಂದು ಗಂಟೆ ಮಲಗಬೇಕು.

ಡಾಕ್ಟರ ಹತ್ತಿರ ಹೋದೆ. ಅವರು ಜಡೆ ಎತ್ತಿ ನೋಡಿ ನನ್ನ ಮುಖ ನೋಡಿದರು.

"ಮುಲಾಮು ಬರ್ಕೊಡ್ತೀನಿ ಮೇಷ್ಟ್ರೇ. ಹಚ್ಚೋದು ಎಲ್ಲಿಗೆ? ಕೂದ್ಲಿಗೋ, ತಲೇಗೋ? ಮೊದ್ಲು ಇದನ್ನ ತೆಗೆಸ್ರಿ."

ತೆಗೆಸುವುದಕ್ಕೇನು? ನಮ್ಮ ಮನೆಯಿಂದ ಐವತ್ತು ಹೆಜ್ಜೆಗೆ ಕ್ಷೌರದಂಗಡಿ ಇದೆ. ಎರಡು ಕುರ್ಚಿ, ಒಂದು ಕೂಲರು, ಮಕ್ಕಳಿಗೆಂದೇ ಅಡ್ಡ ಹಾಕುವ ಒಂದು ಹಲಗೆ. ಐದು ನಿಮಿಷದ ಕೆಲಸ. ಮನೆಗೆ ಬಂದು ಅಷ್ಟು ಹೇಳಿದೆನೋ ಇಲ್ಲವೋ, ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

"ಏನಪ್ಪಾ, ಮಾವ ಸತ್ತೋಗಿದಾನಾ?"

"ಅವ್ವಾ, ಅದಲ್ಲ..."

"ಗಟ್ಟಿಮುಟ್ಟಾಗಿ ಸೋದರಮಾವ ಇದ್ದಂಗೆ, ಇಲ್ಲದೋರ ಥರ ಅಂಗಡೀಲಿ ಕುಂಡ್ರಿಸಿ ಬೋಳಿಸ್ತಾನಂತೆ! ಹುಟ್ಟುಗೂದ್ಲಿಗೆ ಮೊದ್ಲು ತಾಗೋದು ಮಾವನ ಕತ್ತರಿ. ಕಂಬಳಿ ಮೇಲೆ, ಮಾವನ ತೊಡೆ ಮೇಲೆ. ನಿಂಗೂ ಹಂಗೇ ತೆಗ್ದಿದ್ದು. ಅದಕ್ಕೇ ಈಟಾದ್ರೂ ಬುದ್ಧಿ ಬಂದೈತೆ."

ನಮ್ಮ ಕಡೆ ಕುರಿ ಕಾಯುವ ಮನೆತನಗಳಲ್ಲಿ ಈ ಶಾಸ್ತ್ರ ಹೀಗೆಯೇ. ಮಗುವಿಗೆ ಒಂದು ತುಂಬುವುದರೊಳಗೆ ಆಗಬೇಕು. ತಪ್ಪಿದರೆ ಮೂರು ತುಂಬುವುದರೊಳಗೆ. ಅದೂ ತಪ್ಪಿದರೆ ಐದಕ್ಕೆ. ನಡುವಿನ ವರ್ಷಗಳಲ್ಲಿ ಮುಟ್ಟುವಂತಿಲ್ಲ. ಮಗನಿಗೆ ಮೂರು ತುಂಬಲು ಉಳಿದದ್ದು ಎರಡೇ ತಿಂಗಳು. ಈ ಬೇಸಿಗೆ ಕಳೆದುಕೊಂಡರೆ ಇನ್ನೂ ಎರಡು ಬೇಸಿಗೆ ಈ ಮಗು ತಲೆಯ ಮೇಲೆ ಕಂಬಳಿ ಹೊತ್ತುಕೊಂಡು ಓಡಾಡಬೇಕು. ಯಾವ ನ್ಯಾಯ ಇದು? ಕೂದಲಿಗೆ ಬೆಸ ಸಂಖ್ಯೆ ಸಮ ಸಂಖ್ಯೆ ಗೊತ್ತಾಗುತ್ತದೆಯೇ? ಇದನ್ನೆಲ್ಲ ಗಟ್ಟಿಯಾಗಿ ಕೇಳಿದೆ. ಹೆಂಡತಿ ನನ್ನ ಪರ ಮಾತಾಡುತ್ತಾಳೆಂದು ನಂಬಿದ್ದೆ.

"ಮೊದಲ್ನೇ ವರ್ಷನೇ ಆಗ್ತಿತ್ತಲ್ಲ," ಎಂದಳು ಅವಳು, ಮಗಳಿಗೆ ರಾಗಿ ಸರಿ ತಿನ್ನಿಸುತ್ತ. "ಧರ್ಮಪುರದಲ್ಲಿ ನಮ್ ತೌರ್ಮನೇಲಿ ಎಲ್ಲ ರೆಡಿ ಆಗಿತ್ತು. ಅಡುಗೆಯೋರಿಗೂ ಹೇಳಿದ್ರು. ಹೊರಡೋ ದಿನ ಯಾರು ಬ್ಯಾಡ ಅಂದಿದ್ದು?"

ಆ ದಿನ ಮಗು ಎರಡು ಸಲ ಸೀನಿತ್ತು. ಎರಡು ಸಲ. ಬೇರೆ ಯಾವ ತಂದೆಯಾದರೂ ಅದನ್ನೇ ಮಾಡುತ್ತಿದ್ದ.

ಸರಿ, ಮಾವ ಬೇಕು, ಮಾವನ ತೊಡೆ ಬೇಕು. ಮಾವ ಎಲ್ಲಿ? ನನ್ನ ಭಾಮೈದ ಸಂಕ್ರಾಂತಿ ಮುಗಿಸಿ ಧರ್ಮಪುರ ಬಿಟ್ಟವನು. ಶೇಂಗಾ ಬಳ್ಳಿ ಮುಗಿದ ಮೇಲೆ ಆ ಕಡೆ ಕುರಿಗೆ ಮೇವಿರುವುದಿಲ್ಲ; ನೀರು, ಹಸಿರು ಇರುವ ಕಡೆ ಮಂದೆ ಹೊಡೆದುಕೊಂಡು ಹೊರಡುತ್ತಾರೆ. ಗೊಬ್ಬರವಾಗಲಿ ಎಂದು ಹೊಲ, ತೋಟದವರು ಕರೆದು ರಾತ್ರಿ ತಮ್ಮ ನೆಲದಲ್ಲಿ ಮಂದೆ ತಂಗಿಸಿಕೊಳ್ಳುತ್ತಾರೆ. ಇವತ್ತು ಇವರ ಹೊಲ, ನಾಳಿದ್ದು ಅವರ ತೋಟ. ಭೂಮಿ ಯಾವ ತಿಂಗಳು ಸೂರ್ಯನ ಯಾವ ಕಡೆ ಇರುತ್ತದೆಂದು ನಾನು ಹತ್ತನೇ ತರಗತಿಗೆ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಭಾಮೈದನ ಕುರಿ ಗುರುವಾರ ಎಲ್ಲಿರುತ್ತವೆಂದು ಹೇಳುವ ಶಾಸ್ತ್ರ ಇನ್ನೂ ಹುಟ್ಟಿಲ್ಲ. ಫೋನು ಮಾಡಿದೆ.

"ಎಲ್ಲಿದ್ದೀಯಪ್ಪ?"

"ಇಲ್ಲೇ ಭಾವ."

"ಇಲ್ಲೇ ಅಂದ್ರೆ?"

"ಬಾಗೂರ ಹತ್ರ. ಒಂದು ಹುಣಸೇಮರ ಐತೆ ನೋಡ್ರಿ, ಅಲ್ಲಿ."

"ಬಾಗೂರಿಗೆಲ್ಲ ಒಂದೇ ಹುಣಸೇಮರ ಐತಾ?"

"ಇದು ದೊಡ್ಡದು ಭಾವ."

ಪರವಾಗಿಲ್ಲ, ಹೊಸದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಬಾಗೂರಿಗೆ ಆಟೋ, ಮಧ್ಯಾಹ್ನಕ್ಕೆ ವಾಪಸ್ ಎಂದು ಸಮಾಧಾನ ಮಾಡಿಕೊಂಡೆ. ಅವ್ವ ಪಂಚಾಂಗ ನೋಡಿಸಿ ಸೋಮವಾರ ಎಂದಳು. ಶನಿವಾರ ಸಂಜೆ ಭಾಮೈದನೇ ಫೋನು ಮಾಡಿದ.

"ಭಾವ, ನಾವು ಮಾರಿಕಣಿವೆ ಡ್ಯಾಂ ಕೆಳಗೆ ಬಂದ್ವಿ. ಇಲ್ಲೊಬ್ರು ತೋಟಕ್ಕೆ ಮಂದೆ ಬಿಡಕ್ಕೆ ಕರೆದ್ರು."

"ಲೇ, ಸೋಮವಾರ ಅಂತ ನಿಂಗೆ ಹೇಳಿರಲಿಲ್ವೇನೋ?"

"ಸೋಮವಾರ ಸೋಮವಾರನೇ ಐತಲ್ಲ ಭಾವ. ಜಾಗ ಅಷ್ಟೇ ಬ್ಯಾರೆ."

"ಒಂದು ದಿನದ ಮಟ್ಟಿಗೆ ನೀನೇ ಬಾರಪ್ಪ. ಕೈಮಗು ಕಟ್ಕೊಂಡು ಮೂರು ಬಸ್ ಹತ್ತಬೇಕು ನಾವು."

"ಇನ್ನೂರು ಕುರಿ ಯಾರ ಕೈಲಿ ಕೊಟ್ ಬರ್ಲಿ? ಅದೂ ಉಣ್ಣೆ ಕತ್ತರ್ಸೋ ಟೈಮು. ನಿಮಗಾದ್ರೆ ಎರಡು ತಿಂಗ್ಳು ರಜಾ, ಕುರಿಗೆ ಭಾನ್ವಾರನೂ ಇಲ್ಲ. ನೀವೇ ಬರ್ರಿ ಭಾವ. ತಣ್ಣಗೈತೆ ಇಲ್ಲಿ."

ತಣ್ಣಗೈತೆ ಇಲ್ಲಿ! ಮಗನ ತಲೆಯ ಮೇಲೆ ಬೆಂಕಿ ಬಿದ್ದಿದೆ, ಇವನಿಗೆ ತಂಪು. ನನಗೆ ಬಂದ ಕೋಪಕ್ಕೆ ಅವತ್ತು ಊಟ ಬಿಟ್ಟೆ. ಯಾರೂ ಗಮನಿಸಲಿಲ್ಲ, ಎಂಟು ಗಂಟೆಗೆ ನಾನೇ ಬಡಿಸಿಕೊಂಡು ಉಂಡೆ.

ಕಾರಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಮನೆಯ ಮುಂದೆ ನಿಂತಿದೆ. ವಾರಕ್ಕೊಮ್ಮೆ ಒರೆಸುತ್ತೇನೆ, ಸ್ಕೂಲಿಗೆ ಎರಡನೇ ಗೇರಿನಲ್ಲಿ ಹೋಗಿಬರುತ್ತೇನೆ. ಚಿತ್ರದುರ್ಗದಿಂದ ಹಿರಿಯೂರಿಗೆ ಹೆದ್ದಾರಿ. ಅಲ್ಲಿ ಲಾರಿಗಳಿರುತ್ತವೆ. ಅವುಗಳ ಹಿಂದೆ ಇನ್ನೂ ಲಾರಿಗಳಿರುತ್ತವೆ. ಈ ವಿಷಯ ಇಲ್ಲಿಗೆ ಬಿಡೋಣ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ನಾನು, ಹೆಂಡತಿ, ಅವ್ವ, ಎರಡು ಮಕ್ಕಳು, ಐದು ಚೀಲ. ಒಂದು ಚೀಲ ಪೂರ್ತಿ ನನ್ನ ತಯಾರಿ: ಓಆರ್‌ಎಸ್ ಪುಡಿ, ಥರ್ಮಾಮೀಟರು, ಹತ್ತಿ, ಗಾಯ ತೊಳೆಯುವ ಔಷಧಿ, ಸೊಳ್ಳೆಪರದೆ, ಮುಲಾಮು, ಮತ್ತೆ ಹತ್ತು ನಿಮಿಷ ಕುದಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಹೊಸ ಕತ್ತರಿ. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯನ್ನು ನನ್ನ ಮಗನ ತಲೆಗೆ ತರಲು ಬಿಡುವುದಿಲ್ಲವೆಂದು ಮನೆಯಲ್ಲೇ ಘೋಷಿಸಿದ್ದೆ.

ಚಿತ್ರದುರ್ಗದ ನಿಲ್ದಾಣದಲ್ಲಿ ಬಸ್ಸು ಬದಲಾಯಿಸಿ ಹೇಗೋ ಸೀಟು ಹಿಡಿದೆವು. ಪಕ್ಕದ ಸೀಟಿನ ಹೆಂಗಸು ಮಗನ ಜಡೆ ಮುಟ್ಟಿ ನನ್ನ ಕಡೆ ತಿರುಗಿ ಕೇಳಿದರು.

"ಮೊಮ್ಮಗಳಾ ಯಜಮಾನ್ರೇ? ಮುದ್ದಾಗವ್ಳೆ."

ಒಂದೇ ಪ್ರಶ್ನೆಯಲ್ಲಿ ಎರಡು ತಪ್ಪು. ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಹಿಂದಿನಿಂದ "ಹೂಂ ಕಣಕ್ಕ, ತಾತಂಗೆ ಭಾಳ ಹಚ್ಕಂಡೈತೆ" ಎಂದಳು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಆ ಹೆಂಗಸು ಹಿರಿಯೂರಿನವರೆಗೂ ಸೆಕೆಗುಳ್ಳೆಗೆ ಬೇವಿನ ಎಲೆ, ಗಂಧ, ಮಜ್ಜಿಗೆ ಎಂದು ಔಷಧಿ ಹೇಳಿದರು. ಮುಂದಿನ ಸೀಟಿನವರು ಅದಕ್ಕೆ ಲೋಳೆಸರ ಸೇರಿಸಿದರು. ಇಷ್ಟು ಜನರಲ್ಲಿ ಒಬ್ಬರಾದರೂ "ಬಿಸಿಲಿಗೆ ಈ ಕೂದಲು ಯಾಕೆ?" ಎಂದು ಕೇಳಲಿಲ್ಲ. ಮಗ ನನ್ನ ತೊಡೆಯ ಮೇಲೆ ಕೂತು ದಾರಿಯುದ್ದಕ್ಕೂ ಎರಡೂ ಕೈಯಿಂದ ಕೆರೆಯುತ್ತಿದ್ದ. ಉಗುರು ಕತ್ತರಿಸಿದ್ದರೂ ಕಿವಿಯ ಹಿಂದೆ ರಕ್ತ ಬಂತು. ನಾನು ಅವನ ಕೈ ಹಿಡಿದುಕೊಂಡೆ. ಅವನು ತಲೆಯನ್ನು ನನ್ನ ಅಂಗಿಯ ಗುಂಡಿಗೆ ಉಜ್ಜಿಕೊಳ್ಳತೊಡಗಿದ.

ಮಾರಿಕಣಿವೆಯಲ್ಲಿ ಇಳಿದು ಆಟೋದಲ್ಲಿ ತೋಟ ಸೇರುವ ಹೊತ್ತಿಗೆ ಹತ್ತೂವರೆ. ಬ್ರೇಕು ಹೋಗಿರಲಿಲ್ಲ, ಟಯರು ಸಿಡಿದಿರಲಿಲ್ಲ. ನಾಲೆಯ ಪಕ್ಕ ಹೋಗುವಾಗ ಎರಡೂ ಮಕ್ಕಳನ್ನು ನಾನೇ ಅಪ್ಪಿಕೊಂಡಿದ್ದರಿಂದ ಆಟೋ ಡ್ರೈವರು "ಏನ್ ಸಾ, ಮಕ್ಕಳ್ನ ಯಾರಾದ್ರೂ ಕಿತ್ಕೊಳ್ಳಕ್ಕೆ ಬರ್ತಾವ್ರಾ?" ಎಂದ. ನಾಯಿಗಳು ಎರಡು ಸಲ ಬೊಗಳಿ, ಹೆಂಡತಿಯ ವಾಸನೆ ಗುರುತು ಹಿಡಿದು ಬಾಲ ಆಡಿಸಿದವು. ಟಗರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

"ಬರ್ರಿ ಭಾವ, ಬರ್ರಿ ಅತ್ತೆ, ಕುಂತ್ಕಳ್ರಿ." ಭಾಮೈದ ಹೆಗಲ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಎದ್ದುಬಂದ. ಹೊಂಗೆಮರದ ಕೆಳಗೆ ಕಂಬಳಿ ಹಾಸಿತ್ತು. ಮಗನ ಎದುರು ಕುಕ್ಕರಗಾಲಲ್ಲಿ ಕೂತು ಜಡೆ ಹಿಡಿದು ನೋಡಿದ. "ಏನ್ ಅಳಿಯಪ್ಪಾ, ಈ ಪಾಟಿ ಜಡೆ ಬಿಟ್ಟಿದ್ದೀಯ. ನಿಂಗೊಂದು ಗಂಡು ನೋಡ್ಬೇಕಾತಲ್ಲೋ."

ನಂತರ ಅವನು ಜಡೆ ಸರಿಸಿ ಗುಳ್ಳೆಗಳನ್ನು ಕಂಡ. ನಗು ನಿಂತಿತು. "ಅಯ್ಯೋ ಕಂದಾ," ಎಂದ ಮೆಲ್ಲಗೆ. ಅಷ್ಟು ಹೊತ್ತು ಅವನಿಗೆ ಬಯ್ಯಲು ಕೂಡಿಟ್ಟುಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧ ಅಲ್ಲೇ ಸೋರಿಹೋದವು. ಉಳಿದರ್ಧ ಇಟ್ಟುಕೊಂಡೆ.

ಅವ್ವ ಹನ್ನೆರಡರೊಳಗೆ ಆಗಬೇಕು ಎಂದು ಅವಸರ ಮಾಡಿದಳು. ಕಂಬಳಿಯ ಮೂಲೆಗೆ ಅರಿಶಿನ ಕುಂಕುಮ, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟಾಯಿತು. ಮಗನ ಅಂಗಿ ತೆಗೆದಾಯಿತು. ನಾನು ಬಿಳಿ ಬಟ್ಟೆ ಬಿಚ್ಚಿ ಕತ್ತರಿ ತೆಗೆದೆ. ತೆಗೆದೆನಷ್ಟೆ. ಮಗ ಕಿಟಾರನೆ ಕಿರುಚಿ ಅವರಮ್ಮನ ಸೀರೆಯೊಳಗೆ ಸೇರಿಕೊಂಡ.

"ಏನೂ ಆಗಲ್ಲ ಪುಟ್ಟಾ, ನೋವಾಗಲ್ಲ, ರಕ್ತ ಬರಲ್ಲ," ಎಂದೆ.

ಅಳು ಇಮ್ಮಡಿಯಾಯಿತು.

"ಹದಿನೈದು ದಿನದಿಂದ ಮೂರು ಹೊತ್ತೂ ನೋವಾಗಲ್ಲ, ರಕ್ತ ಬರಲ್ಲ ಅಂತ ಹೇಳಿದ್ರೆ ಯಾವ ಮಗೂಗೆ ಭಯ ಆಗಲ್ಲ ಹೇಳ್ರಿ?" ಎಂದಳು ಹೆಂಡತಿ. "ಸುಮ್ನಿದ್ದಿದ್ರೆ ಅದಕ್ಕೆ ನೋವಾಗುತ್ತೆ ಅಂತ್ಲೇ ಗೊತ್ತಾಗ್ತಿರಲಿಲ್ಲ."

ನಾನು ಅವನನ್ನು ಮಾನಸಿಕವಾಗಿ ಸಿದ್ಧಗೊಳಿಸುತ್ತಿದ್ದೆ. ಪುಸ್ತಕಗಳಲ್ಲಿ ಹಾಗೇ ಹೇಳಿದೆ. ಆದರೆ ಆ ಕ್ಷಣದಲ್ಲಿ ಪುಸ್ತಕದ ಮಾತು ಎತ್ತುವುದು ಸರಿಯೆನಿಸಲಿಲ್ಲ. ಬಿಸ್ಕತ್ತು ತೋರಿಸಿದೆವು, ಮೊಬೈಲು ತೋರಿಸಿದೆವು. ಅವ್ವ ಎತ್ತಿಕೊಂಡು ಮಾವನ ತೊಡೆಗೆ ಹಾಕಲು ಹೋದರೆ ಮೀನಿನ ಹಾಗೆ ಜಾರಿ ಓಡಿದ. ಹನ್ನೊಂದು ದಾಟಿತು. ನನಗೆ ಮುಂದಿನದೆಲ್ಲ ಕಾಣತೊಡಗಿತು: ಹೀಗೇ ಹನ್ನೆರಡಾಗುತ್ತದೆ, ಜಡೆಯ ಸಮೇತ ವಾಪಸ್ ಹೋಗುತ್ತೇವೆ, ಅವ್ವ ಮತ್ತೊಂದು ದಿನ ನೋಡಿಸುತ್ತಾಳೆ, ಅಷ್ಟರಲ್ಲಿ ಮಂದೆ ಇನ್ನೆಲ್ಲಿಗೋ ಹೋಗಿರುತ್ತದೆ, ಮಗನಿಗೆ ಮೂರು ತುಂಬುತ್ತದೆ. ಇನ್ನೆರಡು ಬೇಸಿಗೆ.

"ಹಿಡ್ಕಳ್ರಿ ಎಲ್ಲರೂ, ಮುಗಿಸಿಬಿಡೋಣ!" ಎಂದು ಕೂಗಿದೆ.

"ಬ್ಯಾಡ ಭಾವ," ಎಂದ ಭಾಮೈದ. "ಹಿಡ್ಕಂಡ್ರೆ ಕುರಿನೂ ಒದೀತೈತೆ. ಬಿಡ್ರಿ ಅವನ ಪಾಡಿಗೆ."

ಎಂದವನೇ ತನ್ನ ಉಣ್ಣೆಯ ಕತ್ತರಿ ತೆಗೆದುಕೊಂಡು ಕಂಬಳಿಯ ಆಚೆ ತುದಿಯಲ್ಲಿ ಕೂತು, ನಿಂತುಹೋಗಿದ್ದ ಕೆಲಸಕ್ಕೆ ತೊಡಗಿಬಿಟ್ಟ! ನಾವು ಮೂರು ಬಸ್ಸು ಹತ್ತಿ ಬಂದಿದ್ದೇವೆ, ಇವನಿಗೆ ಕುರಿ. ಹೆಂಡತಿಗಾದರೂ ಸಿಟ್ಟು ಬರಬೇಡವೇ? ಅವಳು ಹೊಂಗೆಯ ಕೊಂಬೆಗೆ ಸೀರೆ ಕಟ್ಟಿ ಜೋಲಿ ಮಾಡಿ ಮಗಳನ್ನು ಮಲಗಿಸಿ, ತೂಗುತ್ತ ತಮ್ಮನ ಕತ್ತರಿಯನ್ನೇ ನೋಡುತ್ತಿದ್ದಳು. ಮನೆಯಲ್ಲಿ ಫ್ಯಾನಿನ ಕೆಳಗೆ ಕಣ್ಣು ಮುಚ್ಚದ ಮಗಳು ಇನ್ನೂರು ಕುರಿಗಳ ಗಲಾಟೆಯ ನಡುವೆ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಪಕ್ಕದ ತೆಂಗಿನಮರದ ಗರಿ ಜೋಲಿಯ ಕಡೆಗೆ ಚಾಚಿದೆಯೆಂದು ನಾನು ಎರಡು ಸಲ ಹೇಳಿದೆ. "ಅದು ಗರಿ, ಕಾಯಲ್ಲ," ಎಂದಳು.

ಭಾಮೈದನ ಕೈಯಲ್ಲಿ ಕುರಿ ಹಸುಗೂಸಿನಂತೆ ಬಿದ್ದಿತ್ತು. ಕಚಕ್ ಕಚಕ್ ಎಂದು ಉಣ್ಣೆ ಒಂದೇ ಹೊದಿಕೆಯ ಹಾಗೆ ಸುರುಳಿಯಾಗಿ ಕಳಚಿ ಬರುತ್ತಿತ್ತು. ಬಿಟ್ಟ ಕೂಡಲೇ ಕುರಿ, ಬಂದದ್ದರ ಅರ್ಧ ಗಾತ್ರವಾಗಿ, ಮೈ ಕೊಡವಿ, ಎರಡು ಸಲ ಕುಣಿದು ಓಡಿತು.

"ಅದಕ್ಕೆ ತಣ್ಣಗಾತು," ಎಂದ ಭಾಮೈದ, ಯಾರಿಗೂ ಅಲ್ಲ ಎಂಬಂತೆ.

ಮಗನ ಅಳು ಬಿಕ್ಕಿಗೆ ಇಳಿಯಿತು. ಎರಡನೇ ಕುರಿಗೆ ಅವರಮ್ಮನ ಸೀರೆಯ ಹಿಂದಿನಿಂದ ಒಂದು ಕಣ್ಣು ಬಂತು. ಮೂರನೆಯದಕ್ಕೆ ಅವನು ಕಂಬಳಿಯ ಅಂಚಿಗೆ ಬಂದು, ತಲೆ ಕೆರೆಯುತ್ತ, ಬಗ್ಗಿ ನೋಡಿದ. ನಾನು ಮಾತಾಡಲು ಹೋದೆ. ಹೆಂಡತಿ ನನ್ನ ತೋಳು ಚಿವುಟಿದಳು. ನಾಲ್ಕನೆಯ ಕುರಿ ಕುಣಿದು ಓಡಿದ ಮೇಲೆ ಅವನು ಮಾವನ ಮುಂದೆ ಹೋಗಿ ನಿಂತ.

"ನಂಗೆ."

"ಸರತಿ ಐತೆ ಅಳಿಯಪ್ಪ," ಎಂದ ಭಾಮೈದ. ಹನ್ನೆರಡಕ್ಕೆ ಇನ್ನೆಷ್ಟು ಉಳಿದಿದೆಯೆಂದು ನಾನು ಗಡಿಯಾರ ನೋಡಿಕೊಂಡೆ. ಮಗ ಗಂಭೀರವಾಗಿ ಒಂದು ಮರಿಯ ಹಿಂದೆ ಹೋಗಿ ನಿಂತುಕೊಂಡ. ಭಾಮೈದ ಮರಿಯನ್ನು ಮುಗಿಸಿ, ಕೈ ತೊಳೆದು, "ಮುಂದಿಂದು ಬರ್ಲಿ" ಎಂದು ಕರೆದ. ಮಗ ತಾನೇ ನಡೆದುಹೋಗಿ ಮಾವನ ತೊಡೆಯ ಮೇಲೆ ಕೂತ.

ಅವ್ವ ಓಡಿಬಂದು ಕಾಯಿ ಒಡೆದಳು, ಹಣೆಗೆ ಕುಂಕುಮವಿಟ್ಟಳು, ಕೂದಲು ನೆಲಕ್ಕೆ ಬೀಳದಂತೆ ಸೆರಗೊಡ್ಡಿ ಕೂತಳು. ನಾನು ಹೊಸ ಕತ್ತರಿ ಕೊಟ್ಟೆ. ಭಾಮೈದನ ಹೆಬ್ಬೆರಳು ಅದರೊಳಗೆ ಹೋಗಲಿಲ್ಲ. ಹುಡುಕಿ ಹುಡುಕಿ ನಾನು ತಂದದ್ದು ಹೆಂಗಸರು ಹುಬ್ಬು ತಿದ್ದಿಕೊಳ್ಳುವ ಅಳತೆಯದ್ದಂತೆ. ಆಮೇಲೆ ಹೆಂಡತಿ ಹೇಳಿದಳು. ಕೊನೆಗೆ ಅದೇ ಉಣ್ಣೆಯ ಕತ್ತರಿ. ಅದನ್ನು ನಾನೇ ಎರಡು ಸಲ ಬಿಸಿನೀರಿನಲ್ಲಿ, ಮೂರನೇ ಸಲ ಔಷಧಿ ನೀರಿನಲ್ಲಿ ತೊಳೆದು, ಅಲಗಿನಲ್ಲಿ ತುಕ್ಕಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ತಪ್ಪು ಸಿಕ್ಕಿದ್ದರೂ ಸಮಾಧಾನವಾಗುತ್ತಿತ್ತು.

ಇನ್ನು ಮುಂದಿನದನ್ನು ಇದ್ದ ಹಾಗೆ ಹೇಳಬೇಕು. ಹತ್ತೊಂಬತ್ತು ಅಪಾಯಗಳನ್ನು ಬರೆದಿಟ್ಟುಕೊಂಡು, ಪ್ರತಿಯೊಂದನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯಲು ಬಂದಿದ್ದ ನಾನು, ಆ ಅಲಗು ಮಗನ ಕಿವಿಯ ಹತ್ತಿರ ಹೋಗುವುದನ್ನು ಕಂಡು, ಎದ್ದು ಹೊಂಗೆಮರದ ಆ ಕಡೆ ಹೋಗಿ, ಮಗಳ ಜೋಲಿ ಹಿಡಿದುಕೊಂಡು, ಬೆನ್ನು ತಿರುಗಿಸಿ, ಕಣ್ಣು ಮುಚ್ಚಿದೆ. ಕಚಕ್ ಕಚಕ್ ಕೇಳಿಸುತ್ತಿತ್ತು. ಪ್ರತಿ ಸದ್ದಿಗೂ ಒಂದು ಕಿರುಚಾಟ ನಿರೀಕ್ಷಿಸಿದೆ. ಬರಲಿಲ್ಲ. ಯಾವಾಗಲೋ ಸದ್ದು ನಿಂತಿತು. ಆಮೇಲೆ ಹೆಂಡತಿ ನಕ್ಕ ಸದ್ದು, ಅವ್ವ "ಶ್" ಎಂದದ್ದು, ಬಕೆಟ್ಟಿನಿಂದ ನೀರು ಹೊಯ್ದದ್ದು ಕೇಳಿಸಿತು.

ನಾನು ತಿರುಗಿ ಬರುವ ಹೊತ್ತಿಗೆ ಮಗನಿಗೆ ಸ್ನಾನವಾಗಿ ಅಂಗಿ ಹಾಕಿಯಾಗಿತ್ತು. ಅಷ್ಟು ಚಿಕ್ಕ ತಲೆಯೇ ನನ್ನ ಮಗನದ್ದು? ಭತ್ತದ ಕೂಳೆಯ ಹಾಗೆ ಸಾ‌ಲುಸಾಲಾಗಿ, ಒಂದು ಗೀರಿಲ್ಲದೆ ಕತ್ತರಿಸಿದ್ದ ಭಾಮೈದ. ಮಗ ಎರಡೂ ಅಂಗೈಯಿಂದ ತಲೆ ಸವರಿಕೊಳ್ಳುತ್ತ, "ತಣ್ಣಗೆ," ಎಂದ. ನಾನು ಮುಲಾಮು ತೆಗೆದು ಒಂದೊಂದು ಗುಳ್ಳೆಗೂ ಹಚ್ಚಿದೆ. ಹದಿನಾಲ್ಕು ಇದ್ದವು. ಕೂಡಿಟ್ಟುಕೊಂಡಿದ್ದ ಬೈಗುಳದ ಉಳಿದರ್ಧವನ್ನು ಭಾಮೈದನಿಗೆ ಹೇಳಲು ಹೋದೆ. "ಚೆನ್ನಾಗಿ ಕತ್ತರಿಸಿದ್ದೀಯ" ಎಂದು ಬಾಯಿಗೆ ಬಂತು. ಅವನು ಯಾಕೋ ನನ್ನ ಮುಖ ನೋಡದೆ "ಮುದ್ದೆ ಆರ್ತೈತೆ, ಏಳ್ರಿ ಭಾವ" ಎಂದ. ಮುದ್ದೆ, ಹುರುಳಿ ಸಾರು ಉಂಡು ಮೂರು ಗಂಟೆಯ ಬಸ್ಸಿಗೆ ಹೊರಟೆವು.

ಹಿರಿಯೂರಿನಲ್ಲಿ ಬಸ್ಸು ಬದಲಾಯಿಸಿ ಸೀಟು ಸಿಕ್ಕಿದ್ದೇ ತಡ ಮಗ ನನ್ನ ತೊಡೆಯ ಮೇಲೆ ಬೋರಲಾಗಿ ಬಿದ್ದು ಮಲಗಿದ. ನಾನು ಗಡಿಯಾರ ನೋಡಿಕೊಂಡೆ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಬಸ್ಸು ಹಾರ್ನ್ ಹೊಡೆಯಿತು, ಕಂಡಕ್ಟರು ಸೀಟಿ ಊದಿದ, ಹಿಂದೆ ಯಾರೋ ಜೋರಾಗಿ ಫೋನಿನಲ್ಲಿ ಜಗಳವಾಡಿದರು. ಅವನ ಕೈ ಒಂದು ಸಲವೂ ತಲೆಗೆ ಹೋಗಲಿಲ್ಲ. ಒಂದು ತಿಂಗಳ ಮೇಲೆ ನನ್ನ ಮಗ ಬಾಯಿ ತೆರೆದು, ಜೊಲ್ಲು ಸುರಿಸುತ್ತ, ನನ್ನ ಪ್ಯಾಂಟು ಒದ್ದೆ ಮಾಡುತ್ತ, ಸತ್ತ ಹಾಗೆ ನಿದ್ದೆ ಮಾಡುತ್ತಿದ್ದ. ಉಸಿರಾಡುತ್ತಿದ್ದಾನೆಯೇ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಆಡುತ್ತಿದ್ದ.

ಆಗ ಭಾಮೈದನ ಫೋನು ಬಂತು.

"ಭಾವ, ಎಲ್ಲಿದ್ದೀರಿ? ಅಲ್ಲ, ನೀವು ಆಟೋ ಹತ್ತುವಾಗ ನಿಮ್ ಹಿಂದೆ ಒಂದು ಕುರಿ ಏನಾದ್ರೂ ಬಂತಾ? ಇವತ್ತು ಕತ್ತರ್ಸಿದ್ದು ಮೂವತ್ತೇಳು. ಇಲ್ಲಿ ಎಣಿಸಿದ್ರೆ ಮೂವತ್ತಾರೇ ಅವೆ."

"ಏನ್ ಮಾತಾಡ್ತಿದೀಯಯ್ಯಾ? ನಿನ್ ಕುರಿ ನಾವು ಚೀಲದಲ್ಲಿ ತುಂಬ್ಕೊಂಡ್ ಬಂದ್ವಾ?" ನನಗೆ ರೇಗಿಹೋಯಿತು. ಮಗ ಏಳದಂತೆ ಪಿಸುದನಿಯಲ್ಲೇ ರೇಗಬೇಕಾಯಿತು. "ಮೇಷ್ಟ್ರ ಮೇಲೆ ಕುರಿ ಕಳ್ಳತನ ಹೊರಿಸ್ತೀಯಾ? ಎಣಿಸೋದು ಕಲ್ತ್ಕೋ ಮೊದ್ಲು!"

ಫೋನಿಟ್ಟೆ. ಪಕ್ಕದಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಹೆಗಲು ಕುಲುಕುತ್ತಿತ್ತು. ಮುಂದಿನ ಸೀಟಿನಲ್ಲಿ ಅವ್ವನ ತಲೆಯೂ ಕುಲುಕುತ್ತಿತ್ತು.

"ಏನಾಯ್ತೇ?"

ಅವಳು ಕಣ್ಣೊರೆಸಿಕೊಂಡಳು. "ಕತ್ತರಿಸಿ ಬಿಡೋ ಕುರಿಗೆ ಬೆನ್ ಮೇಲೊಂದು ಗುರ್ತು ಹಾಕಿ, ಎಣಿಸಿ, ತಟ್ಟಿ ಕಳಿಸ್ತಾರೆ ಕಣ್ರಿ. ಇಲ್ಲಾಂದ್ರೆ ಯಾವ್ದು ಆಗೈತೆ, ಯಾವ್ದು ಆಗಿಲ್ಲ ಗೊತ್ತಾಗಲ್ಲ. ಬೆಳಿಗ್ಗೆಯಿಂದ ಅದೇ ಕೆಲ್ಸ ಅವನಿಗೆ. ಪಾಪ, ಕೈ ಅಭ್ಯಾಸ."

ನಾನು ಮಗನ ಅಂಗಿಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿದೆ. ಎರಡು ಹೆಗಲಿನ ನಡುವೆ, ಸ್ನಾನಕ್ಕೂ ಜಗ್ಗದೆ, ಮೂರು ಬೆರಳಿನ ಅಗಲಕ್ಕೆ ಎಳೆದ ಆಯಿಲ್ ಪೇಂಟಿನ ಗೆರೆ ಇತ್ತು. ಅಚ್ಚ ನೀಲಿ.